ಖಾಲಿ ಕಾರ್ಟ್ರಿಜ್

ಆಟವಿರುವ ಕಾರ್ಟ್ರಿಜ್ ಹಾಕದೆ, ಕೈಯಲ್ಲಿ ಹಿಡಿದು ಆಡುವ ಹಳೆಯ ಗೇಮ್ ಬಾಯ್ ಆನ್ ಮಾಡಿದರೆ ಪರದೆಯ ಮೇಲಿನಿಂದ ಒಂದು ಕಪ್ಪು ಪಟ್ಟಿ ನಿಧಾನವಾಗಿ ಇಳಿದು ಬಂದು ನಡುವೆ ನಿಲ್ಲುತ್ತದೆ. ಆಮೇಲೆ ಏನೂ ಆಗುವುದಿಲ್ಲ. ಕಾರ್ಟ್ರಿಜ್ ಹಾಕಿದ್ದರೆ ಅದೇ ಜಾಗದಲ್ಲಿ ‘ನಿಂಟೆಂಡೊ’ ಎಂಬ ಹೆಸರು ಇಳಿಯುತ್ತದೆ, ಟಿಣ್ ಎಂದು ಸದ್ದಾಗುತ್ತದೆ, ಆಟ ಶುರುವಾಗುತ್ತದೆ. ಎರಡನ್ನೂ ನೋಡಿದವರಿಗೆ ಒಂದು ಅನುಮಾನ ಏಳಬೇಕು. ಕಂಪನಿಯ ಹೆಸರು ಯಂತ್ರದೊಳಗೇ ಇದ್ದರೆ ಕಾರ್ಟ್ರಿಜ್ ಇಲ್ಲದಾಗಲೂ ಅದು ಕಾಣಬೇಕಿತ್ತಲ್ಲವೇ?

ಆ ಹೆಸರನ್ನು ಯಂತ್ರ ಓದುವುದು ಕಾರ್ಟ್ರಿಜ್ಜಿನಿಂದ. 1989ರಲ್ಲಿ ಬಂದ ಈ ಯಂತ್ರದ ಚಿಪ್ಪಿನೊಳಗೆ ಬರೀ 256 ಬೈಟುಗಳ ಒಂದು ಆರಂಭಿಕ ಪ್ರೋಗ್ರಾಮ್ ಇದೆ. ವಿದ್ಯುತ್ ಹರಿದ ಕೂಡಲೇ ಅದು ಕಾರ್ಟ್ರಿಜ್ಜಿನ ನಿಗದಿತ ವಿಳಾಸದಿಂದ 48 ಬೈಟುಗಳನ್ನು ಓದಿ ಚಿತ್ರವಾಗಿ ಬಿಡಿಸುತ್ತದೆ. ಸ್ಲಾಟ್ ಖಾಲಿ ಇದ್ದರೆ ಎಲ್ಲ ಬಿಟ್‌ಗಳೂ 1 ಎಂದೇ ಬರುತ್ತವೆ, ಅಕ್ಷರದ ಬದಲು ಪೂರ್ತಿ ಕಪ್ಪು ಮೂಡುತ್ತದೆ. ಚಿತ್ರ ಇಳಿದ ಮೇಲೆ ಆ ಪ್ರೋಗ್ರಾಮ್ ಅದೇ 48 ಬೈಟುಗಳನ್ನು ಮತ್ತೊಮ್ಮೆ ಓದಿ ತನ್ನಲ್ಲಿರುವ ಪ್ರತಿಯೊಂದಿಗೆ ತಾಳೆ ನೋಡುತ್ತದೆ. ಒಂದು ಬಿಟ್ ಹೆಚ್ಚು ಕಡಿಮೆಯಾದರೂ ಅಲ್ಲೇ ನಿಂತುಬಿಡುತ್ತದೆ.

ಇದು ತಂತ್ರಜ್ಞಾನದ ಬೀಗವಷ್ಟೇ ಅಲ್ಲ, ಕಾನೂನಿನ ಬೀಗವೂ ಹೌದು. ಅನುಮತಿಯಿಲ್ಲದೆ ಆಟ ತಯಾರಿಸುವವರು ಯಂತ್ರವನ್ನು ಚಾಲೂ ಮಾಡಬೇಕಾದರೆ ಕಂಪನಿಯ ಟ್ರೇಡ್‌ಮಾರ್ಕನ್ನೇ ತಮ್ಮ ಕಾರ್ಟ್ರಿಜ್ಜಿನಲ್ಲಿ ನಕಲು ಮಾಡಬೇಕು. ಮಾಡಿದರೆ ಅವರ ಮೇಲೆ ದಾವೆ ಹೂಡಬಹುದು ಎಂಬುದು ಲೆಕ್ಕಾಚಾರ. ಇದೇ ಬಗೆಯ ತಂತ್ರವನ್ನು ಸೆಗಾ ಕಂಪನಿ ತನ್ನ ಟೀವಿ ಕನ್ಸೋಲಿನಲ್ಲಿ ಬಳಸಿತ್ತು. ಅಮೆರಿಕದ ಮೇಲ್ಮನವಿ ನ್ಯಾಯಾಲಯ 1992ರಲ್ಲಿ ಸೆಗಾ ಮತ್ತು ಅನುಮತಿಯಿಲ್ಲದೆ ಅದರ ಕನ್ಸೋಲಿಗೆ ಆಟ ತಯಾರಿಸಿದ ಅಕೊಲೇಡ್ ಕಂಪನಿಯ ನಡುವಿನ ಮೊಕದ್ದಮೆಯಲ್ಲಿ ಅಕೊಲೇಡ್ ಪರ ನಿಂತಿತು. ಬೀಗ ತೆರೆಯಲು ಬೇರೆ ದಾರಿಯೇ ಇಲ್ಲದಂತೆ ಮಾಡಿಟ್ಟು, ಬೀಗದ ಕೈ ಬಳಸಿದವರನ್ನು ಕಳ್ಳರೆನ್ನಲಾಗದು ಎಂಬುದು ಆ ತೀರ್ಪಿನ ಒಟ್ಟು ಧೋರಣೆ. ಇಂದು ಗೇಮ್ ಬಾಯ್‌ಗೆ ಮನೆಯಲ್ಲಿ ಕೂತು ಆಟ ಬರೆಯುವ ಯಾರೇ ಆದರೂ ಈ 48 ಬೈಟುಗಳನ್ನು ತಮ್ಮ ಫೈಲಿನಲ್ಲಿ ಸೇರಿಸುತ್ತಾರೆ. ಅದನ್ನು ತಾನಾಗಿ ತುಂಬಿಕೊಡುವ ಉಪಕರಣಗಳೇ ಇವೆ.

ಕಂಪನಿಯ ಒಪ್ಪಿಗೆ ಪತ್ರವಿಲ್ಲದೆ, ಸ್ವಂತ ಆಸಕ್ತಿಯಿಂದ ಬರೆದ ಆಟ ಮತ್ತು ಪ್ರೋಗ್ರಾಮ್‌ಗಳನ್ನು ಹೋಂಬ್ರೂ ಎನ್ನುತ್ತಾರೆ. ಅವನ್ನು ನಿಜವಾದ ಯಂತ್ರದ ಮೇಲೆ ಓಡಿಸಲು ಬೇಕಾದ, ಬರೆದು ಅಳಿಸಿ ಮತ್ತೆ ಬರೆಯಬಹುದಾದ ಕಾರ್ಟ್ರಿಜ್ಜೇ ಫ್ಲಾಶ್ ಕಾರ್ಡ್. ಈ ಎರಡೂ ಸೇರಿದಾಗ, ಅಂಗಡಿಯಲ್ಲಿ ಕೊಂಡ ಆಟವನ್ನಷ್ಟೇ ಆಡಿಸುತ್ತಿದ್ದ ಪೆಟ್ಟಿಗೆ ನಾವು ಹೇಳಿದ್ದನ್ನು ಮಾಡುವ ಕಂಪ್ಯೂಟರ್ ಆಗುತ್ತದೆ. ಅದೂ ಎಂಥ ಕಂಪ್ಯೂಟರ್! ಒಬ್ಬ ಮನುಷ್ಯ ಪೂರ್ತಿ ತಲೆಯೊಳಗೆ ಇಟ್ಟುಕೊಳ್ಳಬಹುದಾದಷ್ಟು ಚಿಕ್ಕದು. ಇಂದಿನ ಫೋನಿನೊಳಗೆ ನಡೆಯುವುದನ್ನು ಅದನ್ನು ಮಾಡಿದ ಎಂಜಿನಿಯರುಗಳಲ್ಲೂ ಯಾರೊಬ್ಬರೂ ಪೂರ್ತಿ ಬಲ್ಲವರಿಲ್ಲ. ಗೇಮ್ ಬಾಯ್‌ನಲ್ಲಿ ಪ್ರತಿ ಬೈಟು ಎಲ್ಲಿದೆ, ಪ್ರತಿ ಗಡಿಯಾರದ ಮಿಡಿತದಲ್ಲಿ ಏನಾಗುತ್ತದೆ ಎಂದು ನೀವು ತಿಳಿಯಬಹುದು. ಕಂಪ್ಯೂಟರ್ ಎಂದರೇನೆಂದು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ.

ಕಾರ್ಟ್ರಿಜ್ಜಿನ ತಳದಲ್ಲಿ 32 ಲೋಹದ ಪಟ್ಟಿಗಳಿವೆ. ಅವುಗಳಲ್ಲಿ 16 ವಿಳಾಸಕ್ಕೆ, 8 ಮಾಹಿತಿಗೆ, ಉಳಿದವು ವಿದ್ಯುತ್ತು, ಓದು, ಬರೆ, ಗಡಿಯಾರ, ರಿಸೆಟ್, ಧ್ವನಿ ಇತ್ಯಾದಿಗೆ. ಪ್ರೊಸೆಸರ್ 16 ತಂತಿಗಳ ಮೇಲೆ ಒಂದು ಸಂಖ್ಯೆ ಇಡುತ್ತದೆ, ಆ ವಿಳಾಸದಲ್ಲಿರುವ ಬೈಟನ್ನು ಕಾರ್ಟ್ರಿಜ್ 8 ತಂತಿಗಳ ಮೇಲೆ ಮರಳಿಸುತ್ತದೆ. ನಡುವೆ ಫೈಲ್ ಇಲ್ಲ, ಫೋಲ್ಡರ್ ಇಲ್ಲ, ಆಪರೇಟಿಂಗ್ ಸಿಸ್ಟಮ್ ಇಲ್ಲ. ಕಾರ್ಟ್ರಿಜ್ ಎಂದರೆ ಪ್ರೊಸೆಸರಿನ ನೆನಪಿನದೇ ಒಂದು ಭಾಗ, ಕಳಚಿ ಬೇರೆಯದನ್ನು ಸೇರಿಸಬಹುದಾದ ಭಾಗ.

ಆದರೆ ಕಾರ್ಟ್ರಿಜ್ಜಿನ ಪ್ರೋಗ್ರಾಮಿಗೆ ಮೀಸಲಾದ ವಿಳಾಸಗಳು ಬರೀ 32,768. ಟೆಟ್ರಿಸ್ ಆಟ ಅಷ್ಟರಲ್ಲೇ ಹಿಡಿದಿತ್ತು. ಪೋಕೆಮಾನ್ ರೆಡ್ ಆಟದ ಇಂಗ್ಲಿಷ್ ಆವೃತ್ತಿಗೆ ಒಂದು ಮೆಗಾಬೈಟ್ ಬೇಕಾಯಿತು, ಅಂದರೆ 32 ಪಟ್ಟು. ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸೊಗಸಾದದ್ದು. ಮೊದಲ 16 ಕಿಲೋಬೈಟ್ ಸದಾ ಒಂದೇ ಆಗಿರುತ್ತದೆ. ಎರಡನೆಯ 16 ಕಿಲೋಬೈಟಿನ ಜಾಗದಲ್ಲಿ ಮಾತ್ರ ಬೇಕಾದಾಗ ಬೇಕಾದ ತುಂಡನ್ನು ತಂದು ತೋರಿಸಲಾಗುತ್ತದೆ. ತುಂಡು ಬದಲಿಸು ಎಂದು ಹೇಳುವುದು ಹೇಗೆ? ಓದಲು ಮಾತ್ರ ಇರುವ ವಿಳಾಸಕ್ಕೆ ಬರೆಯುವ ಮೂಲಕ! ಅಲ್ಲಿ ಬರೆದರೆ ಏನೂ ಉಳಿಯುವುದಿಲ್ಲ, ಆದರೆ ಕಾರ್ಟ್ರಿಜ್ಜಿನೊಳಗಿನ ಪುಟ್ಟ ನಿಯಂತ್ರಕ ಚಿಪ್ ಆ ಸಂಖ್ಯೆಯನ್ನು ಹಿಡಿದುಕೊಂಡು ಆ ನಂಬರಿನ ತುಂಡನ್ನು ಮುಂದಿಡುತ್ತದೆ. ವ್ಯರ್ಥವಾಗಿದ್ದ ಒಂದು ಕ್ರಿಯೆಗೆ ಅರ್ಥ ಕೊಟ್ಟ ಈ ಬ್ಯಾಂಕ್ ಬದಲಾವಣೆಯಿಂದ ಗೇಮ್ ಬಾಯ್ 8 ಮೆಗಾಬೈಟಿನ ಕಾರ್ಟ್ರಿಜ್ಜನ್ನೂ ಓದಬಲ್ಲದಾಯಿತು.

ಅಂಗಡಿಯ ಆಟದ ಕಾರ್ಟ್ರಿಜ್ಜಿನಲ್ಲಿ ಇರುತ್ತಿದ್ದದ್ದು ಮಾಸ್ಕ್ ರೋಮ್. ಚಿಪ್ ತಯಾರಾಗುವಾಗಲೇ ಪ್ರತಿ ಬಿಟ್ಟೂ ಸಿಲಿಕಾನಿನ ವಿನ್ಯಾಸದಲ್ಲಿ ಅಚ್ಚಾಗಿರುತ್ತದೆ. ಲಕ್ಷಗಟ್ಟಲೆ ಮಾಡಿದರೆ ಅಗ್ಗ, ಒಂದೇ ಒಂದು ಬೇಕೆಂದರೆ ಅಸಾಧ್ಯ. ಮನೆಯಲ್ಲಿ ಆಟ ಬರೆಯುವವರ ಎದುರಿಗಿದ್ದ ನಿಜವಾದ ಗೋಡೆ ಆ 48 ಬೈಟುಗಳಲ್ಲ, ಈ ಚಿಪ್. ಅದನ್ನು ಕೆಡವಿದ್ದು ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕಾ 1984ರಲ್ಲಿ ಜಗತ್ತಿಗೆ ತೋರಿಸಿದ ಫ್ಲಾಶ್ ಮೆಮೊರಿ.

ಅದರ ಬೇರು ಇನ್ನೂ ಹಿಂದಿನದು. ಬೆಲ್ ಪ್ರಯೋಗಾಲಯದ ಡಾವನ್ ಕಾಂಗ್ ಮತ್ತು ಸೈಮನ್ ಸೀ 1967ರಲ್ಲಿ ತೇಲುವ ಗೇಟಿನ ಟ್ರಾನ್ಸಿಸ್ಟರನ್ನು ವಿವರಿಸಿದ್ದರು. ಸಾಮಾನ್ಯ ಟ್ರಾನ್ಸಿಸ್ಟರಿಗೆ ಒಂದು ಗೇಟ್ ಇದ್ದರೆ ಇದಕ್ಕೆ ಎರಡು. ಕೆಳಗಿನ ಗೇಟಿನ ಸುತ್ತ ಎಲ್ಲ ಕಡೆಯೂ ಆಕ್ಸೈಡಿನ ನಿರೋಧಕ ಪದರ. ಯಾವ ತಂತಿಯೂ ಅದಕ್ಕೆ ತಾಗಿಲ್ಲ. ಅದರೊಳಗೆ ಎಲೆಕ್ಟ್ರಾನುಗಳನ್ನು ಸೇರಿಸಿಬಿಟ್ಟರೆ ಅವು ಹೊರಬರಲು ದಾರಿಯಿಲ್ಲದೆ ವರ್ಷಗಟ್ಟಲೆ ಅಲ್ಲೇ ಉಳಿಯುತ್ತವೆ. ಒಳಗೆ ಎಲೆಕ್ಟ್ರಾನುಗಳಿದ್ದರೆ ಟ್ರಾನ್ಸಿಸ್ಟರ್ ತೆರೆಯುವುದು ಕಷ್ಟ, ಅದನ್ನು 0 ಎಂದು ಓದುತ್ತೇವೆ, ಇಲ್ಲದಿದ್ದರೆ 1.

ದಾರಿಯೇ ಇಲ್ಲದ ಕಡೆ ಎಲೆಕ್ಟ್ರಾನ್ ಒಳಗೆ ಹೋಗುವುದಾದರೂ ಹೇಗೆ, ಹೊರಗೆ ಬರುವುದಾದರೂ ಹೇಗೆ? ಇಲ್ಲಿ ಕ್ವಾಂಟಮ್ ಭೌತಶಾಸ್ತ್ರ ಕೆಲಸಕ್ಕೆ ಬರುತ್ತದೆ. ಸುಮಾರು ಹತ್ತು ನ್ಯಾನೋಮೀಟರ್ ದಪ್ಪದ ಆಕ್ಸೈಡಿನ ಮೇಲೆ ಹೆಚ್ಚು ವೋಲ್ಟೇಜ್ ಹಾಕಿದಾಗ, ಎಲೆಕ್ಟ್ರಾನಿನ ಅಲೆ ಆ ತಡೆಯ ಆಚೆ ಬದಿಗೂ ಚಾಚಿಕೊಳ್ಳುತ್ತದೆ. ತಡೆಯನ್ನು ಹತ್ತಿ ಇಳಿಯುವಷ್ಟು ಶಕ್ತಿ ಇಲ್ಲದಿದ್ದರೂ ಎಲೆಕ್ಟ್ರಾನ್ ಆಚೆ ಕಾಣಿಸಿಕೊಳ್ಳುವ ಸಂಭವ ಇರುತ್ತದೆ. ಇದನ್ನು ಸುರಂಗ ಪರಿಣಾಮ ಎನ್ನುತ್ತಾರೆ. ಕಾರ್ಡಿನ ಹಳೆಯ ಆಟ ಅಳಿಸುವಾಗ ಕೋಟಿಗಟ್ಟಲೆ ಎಲೆಕ್ಟ್ರಾನುಗಳು ಹೀಗೆ ಹಾಯ್ದು ಹೋಗುತ್ತವೆ. ಕ್ವಾಂಟಮ್ ಸಿದ್ಧಾಂತ ಪುಸ್ತಕದ ಮಾತು ಎಂದುಕೊಂಡವರು ಇದನ್ನು ನೆನಪಿಡಬೇಕು.

ಹಾಯ್ದಷ್ಟೂ ಆಕ್ಸೈಡ್ ಸವೆಯುತ್ತದೆ. ಆದ್ದರಿಂದ ಒಂದು ಫ್ಲಾಶ್ ಚಿಪ್ಪನ್ನು ಸಾಮಾನ್ಯವಾಗಿ ಹತ್ತು ಸಾವಿರದಿಂದ ಒಂದು ಲಕ್ಷ ಸಲ ಮಾತ್ರ ಅಳಿಸಿ ಬರೆಯಬಹುದು. ಬರೆಯುವುದರಲ್ಲೂ ಒಂದು ಕಟ್ಟಳೆ ಇದೆ. 1ನ್ನು 0 ಮಾಡುವುದು ಬಿಡಿಬಿಡಿಯಾಗಿ ಸಾಧ್ಯ, 0ಯನ್ನು ಮತ್ತೆ 1 ಮಾಡಲು ಆ ವಿಭಾಗವನ್ನೆಲ್ಲ ಒಟ್ಟಿಗೆ ಅಳಿಸಬೇಕು. ಒಂದಕ್ಷರ ತಪ್ಪಿದ್ದಕ್ಕೆ ಇಡೀ ಸ್ಲೇಟನ್ನು ಒರೆಸಿದ ಹಾಗೆ.

ಫ್ಲಾಶ್‌ನಲ್ಲಿ ಎರಡು ಬಗೆ. ಯಾವ ಬೈಟನ್ನಾದರೂ ನೇರ ಓದಬಹುದಾದದ್ದು ನಾರ್. ಮಸುವೊಕಾ ಅವರ ತಂಡವೇ 1987ರಲ್ಲಿ ತೋರಿಸಿದ ನ್ಯಾಂಡ್ ಬಗೆಯಲ್ಲಿ ಪುಟಪುಟವಾಗಿಯೇ ಓದಬೇಕು, ಆದರೆ ಅದು ತುಂಬಾ ಅಗ್ಗ. ನಮ್ಮ ಪೆನ್ ಡ್ರೈವ್, ಮೈಕ್ರೊ ಎಸ್‌ಡಿ ಕಾರ್ಡ್ ಎಲ್ಲ ನ್ಯಾಂಡ್. ಗೇಮ್ ಬಾಯ್ ಪ್ರೊಸೆಸರ್ ಕೇಳಿದ ಕ್ಷಣ ಬೈಟು ಕೊಡಬೇಕಾದ್ದರಿಂದ ಅದಕ್ಕೆ ನ್ಯಾಂಡ್ ನೇರವಾಗಿ ಒಗ್ಗುವುದಿಲ್ಲ. ಈಗಿನ ಒಳ್ಳೆಯ ಫ್ಲಾಶ್ ಕಾರ್ಡುಗಳು ಎರಡನ್ನೂ ಕೂಡಿಸಿ ಕೆಲಸ ಮಾಡುತ್ತವೆ. ಆಟಗಳ ಫೈಲುಗಳು ಎಸ್‌ಡಿ ಕಾರ್ಡಿನಲ್ಲಿ ಇರುತ್ತವೆ. ಆನ್ ಮಾಡಿದಾಗ ಮೊದಲು ಮೆನು ಬರುತ್ತದೆ. ಒಂದನ್ನು ಆರಿಸಿದರೆ ಅದು ಕಾರ್ಡಿನೊಳಗಿನ ನಾರ್ ಚಿಪ್ಪಿಗೋ ವೇಗದ ರ‍್ಯಾಮ್‌ಗೋ ನಕಲಾಗುತ್ತದೆ. ಬ್ಯಾಂಕ್ ಬದಲಿಸುವ ನಿಯಂತ್ರಕದ ಪಾತ್ರವನ್ನು ಒಂದು ಎಫ್‌ಪಿಜಿಎ ಚಿಪ್ ವಹಿಸುತ್ತದೆ, ಅಂದರೆ ಒಳಗಿನ ಸರ್ಕ್ಯೂಟನ್ನೇ ಬೇಕಾದಂತೆ ಜೋಡಿಸಿಕೊಳ್ಳಬಲ್ಲ ಚಿಪ್. ಎವರ್‌ಡ್ರೈವ್ ಎಂಬ ಹೆಸರಿನ ಕಾರ್ಡುಗಳು ಈ ಬಗೆಯವು.

ಕೊಳ್ಳುವವರು ಗಮನಿಸಬೇಕಾದ ಒಂದು ಸಂಗತಿಯಿದೆ. ಗೇಮ್ ಬಾಯ್ ಸ್ಲಾಟ್ 5 ವೋಲ್ಟಿನದು. ಇಂದಿನ ಫ್ಲಾಶ್ ಚಿಪ್ಪುಗಳು 3.3 ವೋಲ್ಟಿನವು. ನಡುವೆ ವೋಲ್ಟೇಜ್ ಹೊಂದಿಸುವ ಚಿಪ್ ಇರಲೇಬೇಕು. ತೀರಾ ಅಗ್ಗದ ಕಾರ್ಡುಗಳಲ್ಲಿ ಅದನ್ನು ಕೈಬಿಟ್ಟಿರುತ್ತಾರೆ. ಆಟ ಓಡುತ್ತದೆ ನಿಜ, ಆದರೆ ಮೂವತ್ತು ವರ್ಷ ಹಳೆಯ ಯಂತ್ರಕ್ಕೆ ಅದರಿಂದ ಅನಗತ್ಯ ಒತ್ತಡ. 2001ರಲ್ಲಿ ಬಂದ ಗೇಮ್ ಬಾಯ್ ಅಡ್ವಾನ್ಸ್ 3.3 ವೋಲ್ಟಿನ ಯಂತ್ರ. ಹಳೆಯ ಕಾರ್ಟ್ರಿಜ್ ಹಾಕಿದರೆ ಅದರ ಆಕಾರವೇ ಒಳಗಿನ ಒಂದು ಸ್ವಿಚ್ಚನ್ನು ಒತ್ತಿ 5 ವೋಲ್ಟಿಗೆ ಬದಲಾಯಿಸುತ್ತದೆ.

2004ರ ಕೊನೆಯಲ್ಲಿ ಬಂದ ನಿಂಟೆಂಡೊ ಡಿಎಸ್‌ನಲ್ಲಿ, ಅನುಮತಿಯಿಲ್ಲದ ಆಟಗಳನ್ನು ತಡೆಯುವ ಬೀಗ ನಿಜಕ್ಕೂ ಬಿಗಿಯಾಯಿತು. ಎರಡು ಪರದೆ, ಎರಡು ಪ್ರೊಸೆಸರ್, 4 ಮೆಗಾಬೈಟ್ ಮೆಮೊರಿ, ಎರಡು ಸ್ಲಾಟ್. ಹೊಸ ಸ್ಲಾಟಿನ ಕಾರ್ಡ್ ಪ್ರೊಸೆಸರಿನ ನೆನಪಿನ ಭಾಗವಲ್ಲ. ಅದರೊಂದಿಗೆ ಗೂಢಲಿಪಿಯಲ್ಲಿ ಆಜ್ಞೆ ಕಳಿಸಿ ಉತ್ತರ ಪಡೆಯಬೇಕು. ಆದರೆ ಹಳೆಯ ಗೇಮ್ ಬಾಯ್ ಅಡ್ವಾನ್ಸ್ ಆಟಗಳಿಗಾಗಿ ಬಿಟ್ಟಿದ್ದ ಎರಡನೆಯ ಸ್ಲಾಟ್ ತೆರೆದೇ ಇತ್ತು. 2005ರಲ್ಲಿ ಹವ್ಯಾಸಿಗಳು ಪಾಸ್‌ಮಿ ಎಂಬ ಸಾಧನ ಮಾಡಿದರು. ಅದನ್ನು ಹೊಸ ಸ್ಲಾಟಿಗೆ ಹಾಕಿ, ಅದರ ಬೆನ್ನಿಗೆ ಅಂಗಡಿಯಿಂದ ಕೊಂಡ ಅಸಲಿ ಆಟವೊಂದನ್ನು ಸಿಕ್ಕಿಸಬೇಕು. ಗೂಢಲಿಪಿಯ ಮಾತುಕತೆಯನ್ನೆಲ್ಲ ಅಸಲಿ ಆಟವೇ ನಡೆಸುತ್ತದೆ. ಪ್ರೋಗ್ರಾಮ್ ಎಲ್ಲಿಂದ ಶುರುವಾಗಬೇಕು ಎಂಬ ಕೆಲವೇ ಬೈಟುಗಳು ಹಾದುಹೋಗುವಾಗ ಮಾತ್ರ ಪಾಸ್‌ಮಿ ಅವನ್ನು ಬದಲಿಸಿ ಎರಡನೆಯ ಸ್ಲಾಟಿನತ್ತ ಕೈ ತೋರಿಸುತ್ತದೆ. ಗೂಢಲಿಪಿಯನ್ನು ಮುರಿಯುವ ಅಗತ್ಯವೇ ಇಲ್ಲದ ಈ ಪರಿಹಾರದ ಮುಂದೆ ನನಗೆ ಇವತ್ತಿಗೂ ಬೆರಗು.

ಮುಂದೆ ಗೂಢಲಿಪಿಯೂ ಬಯಲಾಗಿ, ಮೊದಲ ಸ್ಲಾಟಿಗೇ ಹೊಂದುವ, ಮೈಕ್ರೊ ಎಸ್‌ಡಿ ತುರುಕಬಹುದಾದ ಕಾರ್ಡುಗಳು ಬಂದವು. ಆರ್4 ಹೆಸರಿನದು ಎಲ್ಲಕ್ಕಿಂತ ಹೆಚ್ಚು ಹರಡಿತು, ಅದರ ನಕಲುಗಳ ನಕಲುಗಳೂ ಹರಡಿದವು. ಕಾರ್ಡಿಗೊಂದು ರೀತಿಯಾದ್ದರಿಂದ ಹೋಂಬ್ರೂ ಬರೆಯುವವರಿಗೆ ಹೊಸ ತಲೆನೋವು ಶುರುವಾಯಿತು. ಪ್ರತಿ ಕಾರ್ಡಿಗೂ ಬೇರೆ ಬೇರೆ ಪ್ರೋಗ್ರಾಮ್ ಬರೆಯಬೇಕೇ? ಅವರೇ ಕೂಡಿ ಡಿಎಲ್‌ಡಿಐ ಎಂಬ ಏರ್ಪಾಡು ಮಾಡಿಕೊಂಡರು. ಪ್ರತಿ ಪ್ರೋಗ್ರಾಮಿನಲ್ಲೂ ಸ್ವಲ್ಪ ಜಾಗ ಖಾಲಿ ಬಿಟ್ಟಿರಬೇಕು, ಬಳಸುವವರ ಕಾರ್ಡಿಗೆ ತಕ್ಕ ಡ್ರೈವರನ್ನು ಆ ಜಾಗಕ್ಕೆ ಅಂಟಿಸಿಕೊಳ್ಳಬೇಕು. ಯಾವ ಕಂಪನಿಯೂ ಹೇಳದೆ, ಸಂಬಳವಿಲ್ಲದೆ, ಪರಸ್ಪರ ಪರಿಚಯವಿಲ್ಲದವರು ಕೂಡಿ ಒಪ್ಪಿಕೊಂಡ ಶಿಸ್ತು ಅದು. ಮೂನ್‌ಶೆಲ್ ಎಂಬ ಹಾಡು–ವಿಡಿಯೊ ಪ್ಲೇಯರ್, ಡಿಎಸ್‌ನಲ್ಲಿ ಲಿನಕ್ಸ್, ಕಡ್ಡಿಯಿಂದ ಒತ್ತಿ ಬಣ್ಣ ಬಳಿಯುವ ಕಲರ್ಸ್ ಎಂಬ ಚಿತ್ರಫಲಕ ಬಂದದ್ದು ಈ ಕಾಲದಲ್ಲಿ. ಕಲರ್ಸ್ ಮುಂದೆ 2012ರಲ್ಲಿ ನಿಂಟೆಂಡೊದ್ದೇ 3ಡಿಎಸ್ ಯಂತ್ರಕ್ಕೆ ಅಧಿಕೃತ ಅಂಗಡಿಯಲ್ಲೇ ಮಾರಾಟವಾಯಿತು. ಹೋಂಬ್ರೂ ಬರೆದವರು ಕಳ್ಳರಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಆದರೂ ಇನ್ನೊಂದು ಸತ್ಯವನ್ನು ಮುಚ್ಚಿಡಬಾರದು. ಆರ್4 ಕೊಂಡವರಲ್ಲಿ ಬಹಳ ಮಂದಿ ಕೊಂಡದ್ದು ಆಟಗಳನ್ನು ಪುಕ್ಕಟೆ ಆಡಲು. ನಿಂಟೆಂಡೊ ಮತ್ತು 54 ಆಟದ ಕಂಪನಿಗಳು ಹೂಡಿದ ದಾವೆಯಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ 2009ರ ಫೆಬ್ರವರಿ 27ರಂದು ಜಪಾನಿನಲ್ಲಿ ಅದರ ಮಾರಾಟವನ್ನು ತಡೆಯಿತು. ಹೋಂಬ್ರೂಗೂ ಬಳಸಬಹುದು ಎಂಬುದು ಮಾರಾಟಗಾರರನ್ನು ಉಳಿಸುವುದಿಲ್ಲ ಎಂದು ಬ್ರಿಟನ್ನಿನ ಹೈಕೋರ್ಟ್ 2010ರಲ್ಲಿ ಹೇಳಿತು. ಇಟಲಿಯ ಪ್ರಕರಣವೊಂದರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2014ರಲ್ಲಿ ಹೆಚ್ಚು ತೂಕದ ಮಾತು ಹೇಳಿತು: ಕಂಪನಿಯ ಬೀಗ ತನ್ನ ಉದ್ದೇಶಕ್ಕೆ ಬೇಕಾದಷ್ಟೇ ಇದೆಯೇ, ಜನ ಆ ಸಾಧನವನ್ನು ವಾಸ್ತವದಲ್ಲಿ ಯಾವುದಕ್ಕೆ ಬಳಸುತ್ತಿದ್ದಾರೆ ಎಂದು ನೋಡಬೇಕು. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ವಿಧಿ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣೆ ಮುರಿದವರಿಗೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ ಹೇಳುತ್ತದೆ. ಉದ್ದೇಶಕ್ಕೆ ಒತ್ತು ಕೊಟ್ಟಿರುವುದು ಸರಿಯಾದ ನಿಲುವು ಎಂದು ನನ್ನ ಅಭಿಪ್ರಾಯ.

ಕಂಪನಿಯ ಒಪ್ಪಿಗೆಯಿಂದಲೇ ಖಾಲಿ ಕಾರ್ಟ್ರಿಜ್ ಮಾರಾಟವಾದ ಒಂದು ಉದಾಹರಣೆಯೂ ಇದೆ, ಅದನ್ನು ಬಲ್ಲವರು ಹೆಚ್ಚಿಲ್ಲ. ಗೇಮ್ ಬಾಯ್ ರೂಪಿಸಿದ ಗುನ್ಪೆ ಯೊಕೊಯ್ ನಿಂಟೆಂಡೊ ಬಿಟ್ಟ ಮೇಲೆ ವಿನ್ಯಾಸದಲ್ಲಿ ಕೈಯಾಡಿಸಿದ ವಂಡರ್‌ಸ್ವಾನ್ ಯಂತ್ರವನ್ನು ಬಂಡಾಯ್ ಕಂಪನಿ 1999ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿತು. ಮರುವರ್ಷ ವಂಡರ್‌ವಿಚ್ ಎಂಬ ಕಿಟ್ ಬಂತು: ಫ್ಲಾಶ್ ಕಾರ್ಟ್ರಿಜ್, ಕಂಪ್ಯೂಟರಿಗೆ ಜೋಡಿಸುವ ಕೇಬಲ್, ಸಿ ಭಾಷೆಯಲ್ಲಿ ಬರೆಯುವ ಸಲಕರಣೆ. ಬರೆದವರಿಗೆ ಸ್ಪರ್ಧೆಗಳೂ ನಡೆದವು. 2001ರ ಸ್ಪರ್ಧೆಯಲ್ಲಿ ಗೆದ್ದ ಜಡ್ಜ್‌ಮೆಂಟ್ ಸಿಲ್ವರ್‌ಸೋರ್ಡ್ 2004ರಲ್ಲಿ ಅಂಗಡಿಯ ಕಾರ್ಟ್ರಿಜ್ಜಾಗಿ ಹೊರಬಂತು. ಆ ಯಂತ್ರದ ಅತ್ಯುತ್ತಮ ಆಟಗಳಲ್ಲಿ ಅದನ್ನು ಇಂದಿಗೂ ಎಣಿಸುತ್ತಾರೆ. ಬಾಗಿಲು ತೆರೆದಿಟ್ಟರೆ ಒಳಗೆ ಬರುವವರು ಕಳ್ಳರೇ ಆಗಿರಬೇಕಿಲ್ಲ.

ಆಟವಲ್ಲದ್ದನ್ನೂ ಹೇಳಬೇಕು. ಗೇಮ್ ಬಾಯ್‌ನ ಧ್ವನಿ ಭಾಗದಲ್ಲಿ ನಾಲ್ಕೇ ನಾಲ್ಕು ದಾರಿಗಳು: ಎರಡು ಚೌಕಾಕಾರದ ಅಲೆ, ನಾವೇ ಗೆರೆ ಎಳೆದು ಕೊಡಬಹುದಾದ 32 ಬಿಂದುಗಳ ಒಂದು ಅಲೆ, ಒಂದು ಸರಸರ ಸದ್ದು. ಜರ್ಮನಿಯ ಒಲಿವರ್ ವಿಟ್ಶೊ 1998ರಲ್ಲಿ ನ್ಯಾನೊಲೂಪ್, ಸ್ವೀಡನ್ನಿನ ಯೊಹಾನ್ ಕೊಟ್ಲಿನ್ಸ್ಕಿ 2000ದಲ್ಲಿ ಲಿಟಲ್ ಸೌಂಡ್ ಡಿಜೆ ಎಂಬ ಪ್ರೋಗ್ರಾಮ್‌ಗಳನ್ನು ಬರೆದು ಈ ಯಂತ್ರವನ್ನು ವಾದ್ಯವಾಗಿಸಿದರು. ಇವುಗಳಿಂದ ಚಿಪ್‌ಟ್ಯೂನ್ ಎಂಬ ಸಂಗೀತ ಪಂಥ ಬಲಿಯಿತು; ಕಛೇರಿಗಳಲ್ಲಿ ಕಲಾವಿದರು ಗೇಮ್ ಬಾಯ್ ಹಿಡಿದು ವೇದಿಕೆ ಹತ್ತುತ್ತಾರೆ. ಎಲ್ಲದರ ತಳದಲ್ಲಿ ಇದ್ದದ್ದು ಬರೆಯಬಹುದಾದ ಒಂದು ಕಾರ್ಟ್ರಿಜ್.

ಇನ್ನು ನಮ್ಮ ಲಿಪಿಯ ಮಾತು. ಗೇಮ್ ಬಾಯ್ ಪರದೆ 160 ಅಡ್ಡ, 144 ಉದ್ದದ ಚುಕ್ಕಿಗಳದ್ದು. ಯಂತ್ರ ಚುಕ್ಕಿ ಲೆಕ್ಕದಲ್ಲಿ ಚಿತ್ರ ಬಿಡಿಸುವುದಿಲ್ಲ. 8 ಅಡ್ಡ 8 ಚುಕ್ಕಿಗಳ ಬಿಲ್ಲೆಗಳನ್ನು ಜೋಡಿಸುತ್ತದೆ. ಪರದೆ ತುಂಬಲು 360 ಬಿಲ್ಲೆ ಬೇಕು, ಮೆಮೊರಿಯಲ್ಲಿ ಇಡಬಹುದಾದದ್ದು 384. ಇಂಗ್ಲಿಷಿನ ಪ್ರತಿ ಅಕ್ಷರ ಒಂದು ಬಿಲ್ಲೆಯಲ್ಲಿ ಕೂರುತ್ತದೆ, ಅಲ್ಲಿಗೆ ಕೆಲಸ ಮುಗಿಯಿತು. ಕನ್ನಡದಲ್ಲಿ 34 ವ್ಯಂಜನಗಳ ಕಾಗುಣಿತವನ್ನು ಕ ಇಂದ ಕೌ ತನಕ ಬರೆದರೇ 442 ರೂಪಗಳಾಗುತ್ತವೆ, ಒತ್ತಕ್ಷರ ಇನ್ನೂ ಸೇರಿಲ್ಲ. 8 ಚುಕ್ಕಿಯ ಎತ್ತರದಲ್ಲಿ ‘ಸ್ತ್ರೀ’ ಬರೆಯಲು ಸಾಧ್ಯವೇ ಇಲ್ಲ. ಅಕ್ಷರಕ್ಕೆ 16, ಒತ್ತಿಗೆ ಇನ್ನೊಂದು 8 ಚುಕ್ಕಿ ಬಿಟ್ಟರೆ ಪರದೆಯಲ್ಲಿ ಆರು ಸಾಲು ಹಿಡಿಯುತ್ತದೆ, ಅದು ಓದಲು ಸಾಕು. ರೂಪಗಳನ್ನೆಲ್ಲ ಬಿಲ್ಲೆಗಳಾಗಿ ಇಡುವ ಬದಲು ಮೂಲ ಆಕಾರ, ಗುಣಿತದ ಚಿಹ್ನೆ, ಒತ್ತು ಇಷ್ಟನ್ನು ಮಾತ್ರ ಕಾರ್ಟ್ರಿಜ್ಜಿನಲ್ಲಿಟ್ಟು, ಸಾಲು ಬೇಕಾದಾಗ ರ‍್ಯಾಮ್‌ನಲ್ಲಿ ಚುಕ್ಕಿ ಚುಕ್ಕಿಯಾಗಿ ಕೂಡಿಸಿ ಬಿಲ್ಲೆ ಮಾಡಬೇಕು. ಆ ಬಿಲ್ಲೆಗಳನ್ನು ಚಿತ್ರದ ಮೆಮೊರಿಗೆ ಸುರಕ್ಷಿತವಾಗಿ ಸಾಗಿಸಲು ಪರದೆ ಒಂದು ಸುತ್ತು ಮುಗಿಸಿ ಮತ್ತೆ ಶುರು ಮಾಡುವ ನಡುವಿನ ಸುಮಾರು ಒಂದು ಮಿಲಿಸೆಕೆಂಡ್ ಸಿಗುತ್ತದೆ. ಹಾಗಾಗಿ ಇಡೀ ಪರದೆಯನ್ನು ಒಮ್ಮೆಗೇ ಬದಲಿಸಲಾಗದು, ಅಕ್ಷರಗಳನ್ನು ಒಂದೊಂದಾಗಿ ಮೂಡಿಸಬೇಕು. ಸಂಭಾಷಣೆ ತೋರಿಸುವ ಆಟಗಳಲ್ಲಿ ಹೇಗೂ ಅದೇ ರೂಢಿ. ಕೆಲಸ ಕಷ್ಟದ್ದು, ಆದರೆ ಒಬ್ಬ ವಿದ್ಯಾರ್ಥಿ ಒಂದು ರಜೆಯಲ್ಲಿ ಮುಗಿಸಬಹುದಾದಷ್ಟೇ ಕಷ್ಟ.

ಶುರು ಮಾಡಲು ಯಂತ್ರವೂ ಬೇಡ, ಫ್ಲಾಶ್ ಕಾರ್ಡೂ ಬೇಡ. ಗೇಮ್ ಬಾಯ್‌ನ ಒಳಗಿನ ವಿವರವೆಲ್ಲ ಪ್ಯಾನ್ ಡಾಕ್ಸ್ ಎಂಬ ಉಚಿತ ಕೈಪಿಡಿಯಲ್ಲಿದೆ. ಕೋಡ್ ಬರೆಯದೆ ಎಳೆದು ಜೋಡಿಸಿಯೇ ಆಟ ಕಟ್ಟುವವರಿಗೆ 2019ರಲ್ಲಿ ಬಂದ ಜಿಬಿ ಸ್ಟುಡಿಯೊ ಇದೆ. ಆಳಕ್ಕೆ ಇಳಿಯುವವರಿಗೆ ಸಿ ಭಾಷೆಯ ಜಿಬಿಡಿಕೆ, ಅಸೆಂಬ್ಲಿಯ ಆರ್‌ಜಿಬಿಡಿಎಸ್. ಮೊದಲು ಕಂಪ್ಯೂಟರಿನಲ್ಲೇ ಆ ಯಂತ್ರವನ್ನು ಅನುಕರಿಸುವ ಎಮ್ಯುಲೇಟರಿನಲ್ಲಿ ಓಡಿಸಿ ನೋಡಿ. ಆಮೇಲೆ ಒಂದು ಫ್ಲಾಶ್ ಕಾರ್ಡಿಗೆ ತುಂಬಿ ನಿಜವಾದ ಯಂತ್ರದಲ್ಲಿ ಹಾಕಿ. ಎಮ್ಯುಲೇಟರ್ ಕ್ಷಮಿಸಿದ ತಪ್ಪನ್ನು ಯಂತ್ರ ಕ್ಷಮಿಸದೆ ಇರಬಹುದು, ಅಲ್ಲಿ ಸಿಗುವ ಪಾಠವೇ ಬೇರೆ. ಮಾರಾಟಕ್ಕಿರುವ ಬೇರೆಯವರ ಆಟಗಳನ್ನು ಪುಕ್ಕಟೆ ಇಳಿಸಿಕೊಂಡು ಕಾರ್ಡ್ ತುಂಬಬೇಡಿ. ಬರೆದವರೇ ಉಚಿತವಾಗಿ ಬಿಟ್ಟಿರುವ ಹೋಂಬ್ರೂ ಬೇಕಾದಷ್ಟಿದೆ. ಕನ್ನಡ ಅಕ್ಷರ ಮೂಡಿಸುವ ಆ ಪುಟ್ಟ ಪ್ರೋಗ್ರಾಮನ್ನು ನಿಮ್ಮಲ್ಲಿ ಯಾರಾದರೂ ಬರೆದರೆ, ಮೂಲ ಕೋಡನ್ನು ಮುಕ್ತವಾಗಿ ಬಿಡಿ. ನಿಮ್ಮ ನಂತರ ಬರುವವರು ಅಕ್ಷರದ ಚಿಂತೆ ಬಿಟ್ಟು ನೇರವಾಗಿ ಆಟಕ್ಕೆ ಕೈ ಹಾಕಲಿ.